ದೊಡ್ಡವರ ಚಪ್ಪಲಿಗೂ ಜಾಗವಿರುವ ಬಾಗಿಲು

ಇಸವಿ ೨೧೮೭, ಎರಡನೆಯ ಬೇಸಿಗೆಯ ಮೊದಲ ವಾರ
ಹಾವೇರಿ ಮೇಲ್ಪೇಟೆ

ಯವ್ವಾ ಶಾಂಭವಿ,

ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆ ಎಂದು ಕಾಗದ ಹರಿದುಬಿಡಬೇಡ. ವರಸೆಯಲ್ಲಿ ನೀನು ನನ್ನ ಅಜ್ಜಿಯ ಅಜ್ಜಿ. ವಯಸ್ಸಿನಲ್ಲಿ ನಾನು ಎಪ್ಪತ್ತು ದಾಟಿದ ಮುದುಕಿ, ನೀನು ನನ್ನ ಮೊಮ್ಮಗಳಿಗಿಂತ ಚಿಕ್ಕವಳು. ನಿನ್ನನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಯವ್ವಾ ಎಂದರೆ ತಾಯಿಗೂ ಸಲ್ಲುತ್ತದೆ, ಮಗಳಿಗೂ ಸಲ್ಲುತ್ತದೆ, ಹಾಗೆಯೇ ಕರೆಯುತ್ತೇನೆ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳ ಮೇಲೆ ಬೆರಳಿಟ್ಟು ಓದಿ ಕಲಿತೆ. ಎಲ್ಲಾದರೂ ಮಾತು ಎಡವಿದರೆ ಹೊಟ್ಟೆಗೆ ಹಾಕಿಕೋ.

ನಮ್ಮಲ್ಲಿ ಹಿನ್ನಡೆ ಟಪಾಲು ಎಂಬುದೊಂದಿದೆ. ಕಳೆದುಹೋದ ಕಾಲಕ್ಕೆ, ಅದೂ ಸ್ವಂತ ರಕ್ತದವರಿಗೆ, ಬದುಕಿನಲ್ಲಿ ಒಂದೇ ಒಂದು ಸಲ ಕಾಗದ ಕಳಿಸಬಹುದು. ಸಾವಿನ ಸುದ್ದಿ, ದುಡ್ಡಿನ ಸುದ್ದಿ ಬರೆಯುವಂತಿಲ್ಲ, ಮನೆವಾರ್ತೆ ಮಾತ್ರ. ಅದರಿಂದ ಇಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ಯಾರಿಗೂ ಗೊತ್ತಿಲ್ಲ. ಬದಲಾದರೆ ಅದು ಬದಲಾಯಿತೆಂಬ ನೆನಪೂ ನಮಗೆ ಉಳಿಯುವುದಿಲ್ಲವಂತೆ. ಪಕ್ಕದ ಮನೆಯ ಫಕ್ಕೀರಪ್ಪ ತನ್ನ ಸರದಿಯಲ್ಲಿ ಮುತ್ತಜ್ಜಿಗೆ ಬರೆದು ಬದನೆಕಾಯಿ ಎಣ್ಣೆಗಾಯಿ ಮಾಡುವ ಬಗೆ ಕೇಳಿದ. ಉತ್ತರ ಬರುವ ದಾರಿಯೇ ಇಲ್ಲವೆಂದು ಆಮೇಲೆ ಹೊಳೆಯಿತು. ಅಂಥವನು ನನಗೆ ಬುದ್ಧಿ ಹೇಳುತ್ತಾನೆ: “ಇರೋದು ಒಂದ ಟಪಾಲು. ಕೂಸಿನ ಮನಿ ಹೆಂಗ ನೋಡಬೇಕು ಅಂತ ಬರ್ಯಾಕ ಅದನ್ನ ಹಾಳ ಮಾಡ್ತೀಯೇನಬೇ?” ಮಾಡುತ್ತೇನೆ. ನನಗೆ ಬೇರೆ ದಾರಿ ಉಳಿದಿಲ್ಲ.

ನೀನು ಬಸ್ ಕಂಡಕ್ಟರ್ ಎಂದೂ, ಹೆರಿಗೆ ರಜೆ ಮುಗಿದು ಡ್ಯೂಟಿಗೆ ಮರಳುವಾಗ ಕೂಸನ್ನು ಡೇ ಕೇರ್‌ನಲ್ಲಿ ಬಿಟ್ಟೆ ಎಂದೂ ನಮ್ಮ ಮನೆಯಲ್ಲಿ ಹೇಳುತ್ತ ಬಂದಿದ್ದಾರೆ. ಮೊದಲ ಬೆಳಿಗ್ಗೆ ಬಸ್ಸಿಗೆ ಹೊತ್ತಾಗಿತ್ತಂತೆ. ಗೇಟಿನ ಬಳಿ ಬಂದ ಹೆಂಗಸು, “ಒಳಗ ಬರಬ್ಯಾಡ್ರಿ ಅಕ್ಕಾರ, ತಾಯಿ ಮುಖ ಕಂಡ್ರ ಉಳಿದ ಹುಡುಗ್ರೂ ಅಳ್ತಾವು,” ಎಂದು ಕೈ ಚಾಚಿದಳಂತೆ. ನಿನಗೂ ಅದೇ ಅನುಕೂಲವಾಯಿತು, ಕೊಟ್ಟು ಓಡಿದೆ. ಯಾರಾದರೂ ಓಡುತ್ತಿದ್ದರು. ಆದರೆ ಊರಿನಲ್ಲಿ ಎಲ್ಲರೂ ಹಾಗೆಯೇ ಮಾಡಿದರು, ಅದು ರೂಢಿಯಾಯಿತು, ರೂಢಿ ಕಾಯಿದೆಯಾಯಿತು. ನಿನಗೆ ಆ ಬೆಳಿಗ್ಗೆ ಇನ್ನೂ ಬಂದಿಲ್ಲ. ಅದಕ್ಕೇ ಈ ಕಾಗದ.

ಈಗ ನಮ್ಮಲ್ಲಿ ಮಕ್ಕಳನ್ನು ಬಿಡುವ ಜಾಗಕ್ಕೆ ಒಪ್ಪುಮನೆ ಎನ್ನುತ್ತಾರೆ. ಅದಕ್ಕೆ ಬಾಗಿಲಿಲ್ಲ. ಅಂದರೆ ಇದೆ, ಕೆಲಸದವರಿಗೆ. ನಮಗಿರುವುದು ಒಪ್ಪುಗಿಂಡಿ, ಹಳೆಯ ಬಸ್ ಸ್ಟ್ಯಾಂಡಿನ ಟಿಕೆಟ್ ಕಿಟಕಿಯ ಹಾಗೆ ಗೋಡೆಯಲ್ಲೊಂದು ತೂತು. ಬೆಳಿಗ್ಗೆ ಅದರೊಳಗೆ ಕೂಸನ್ನು ಇಡುತ್ತೇವೆ, ಸಂಜೆ ಅದರಿಂದಲೇ ತೆಗೆದುಕೊಳ್ಳುತ್ತೇವೆ. ಮೇಲೊಂದು ದೀಪ. ಪರವಾನಗಿ ಸರಿಯಿದ್ದರೆ ಹಸಿರು ಉರಿಯುತ್ತದೆ. ತಂದೆತಾಯಿ ತಲೆಯೆತ್ತಿ ದೀಪ ನೋಡಿ ಹೋಗುತ್ತಾರೆ. ಹೊಸ ಒಪ್ಪುಮನೆ ಹುಡುಕುವುದೆಂದರೆ ಹಸಿರು ದೀಪ ಹುಡುಕುವುದು, ಅಷ್ಟೇ.

ನನ್ನ ಮೊಮ್ಮಗಳು ಬನಶ್ರೀಯ ಮಗಳ ಹೆಸರು ತೊರೆ. ಕಣ್ಣಿಗೆ ಕಾಣದೆ ಹೋದವುಗಳ ಹೆಸರನ್ನು ಮಕ್ಕಳಿಗಿಡುವುದು ನಮ್ಮ ಕಾಲದ ಪದ್ಧತಿ. ಎರಡು ವರ್ಷದ ಕೂಸು. ಒಪ್ಪುಮನೆಗೆ ಹೋಗುವ ಮೊದಲು ಬಾಯಾರಿದರೆ ನನ್ನ ಸೆರಗು ಹಿಡಿದು ಜಗ್ಗಿ, “ಯಜ್ಜಿ, ನೀ,” ಎನ್ನುತ್ತಿತ್ತು. ‘ನೀರು’ ಪೂರ್ತಿ ಬರುತ್ತಿರಲಿಲ್ಲ. ಈಗ ಕೇಳುವುದಿಲ್ಲ. ತುಟಿ ಒಣಗಿದ್ದರೂ ಕೈ ಮಡಿಲಲ್ಲಿಟ್ಟು ಕೂತಿರುತ್ತದೆ, ಯಾವುದೋ ಗಂಟೆ ಬಾರಿಸಲಿ ಎಂದು ಕಾಯುತ್ತಿರುವ ಹಾಗೆ. ಮೊನ್ನೆ ಹೊಸ್ತಿಲು ಎಡವಿ ಬಿದ್ದು ಮೊಣಕಾಲು ತರಚಿಕೊಂಡಿತು. ಬಾಯಿ ತೆರೆಯಿತು, ಸುತ್ತ ನೋಡಿತು, ಮತ್ತೆ ಬಾಯಿ ಮುಚ್ಚಿಕೊಂಡಿತು. ಅಳು ಗಂಟಲಿನಲ್ಲಿ ಇಳಿದುಹೋದದ್ದು ನನಗೆ ಕಂಡಿತು, ಯವ್ವಾ. ಬನಶ್ರೀ ಹೆಮ್ಮೆಯಿಂದ, “ಎಷ್ಟ ಶಾಣ್ಯಾ ಆಗ್ಯಾಳ ನೋಡ ಯಜ್ಜಿ, ಬಿದ್ರೂ ಅಳಂಗಿಲ್ಲ,” ಎಂದಳು. ಅವಳೂ ಕಿಂಡಿಯೊಳಗಿಂದಲೇ ಬೆಳೆದವಳು. ಮಕ್ಕಳು ಬಿದ್ದರೆ ಅಳಬೇಕೆಂದು ಅವಳಿಗೆ ಹೇಳಿದವರು ಯಾರು?

ನಾನು ಕಿಂಡಿಯ ಬಳಿ ಹೋಗಿ, ಒಳಗೆ ಬಂದು ಒಂದು ಗಳಿಗೆ ಕೂರುತ್ತೇನೆ ಎಂದೆ. ಒಳಗಿನಿಂದ ಬರೀ ಧ್ವನಿ: “ದೀಪ ಹಸರ ಐತಿಲ್ರಿ ಅಜ್ಜಿಯಾರ? ಮತ್ತೇನ ಬೇಕ್ರಿ ನಿಮಗ?” ಏನು ಬೇಕೆಂದು ಹೇಳಲು ಅಲ್ಲಿ ನನಗೆ ಬಾಯಿ ಬರಲಿಲ್ಲ. ಕೂಸನ್ನು ನಾನೇ ಇಟ್ಟುಕೊಳ್ಳೋಣವೆಂದರೆ ಎಪ್ಪತ್ತು ದಾಟಿದವರ ಕೈಗೆ ಮಗು ಒಪ್ಪಿಸಬಾರದೆಂಬ ಕಾಯಿದೆ. ನಾಳೆ ಬೆಳಿಗ್ಗೆ ತೊರೆ ಮತ್ತೆ ಆ ತೂತಿನೊಳಗೆ ಹೋಗುತ್ತದೆ, ಅಳದೆ.

ಅಲ್ಲಿ ಹೇಳಲಾಗದ್ದನ್ನು ನಿನಗೆ ಹೇಳುತ್ತೇನೆ. ಇದನ್ನೆಲ್ಲ ಯಾರೂ ನನಗೆ ಕಲಿಸಿಲ್ಲ. ತೊರೆ ಮನೆಗೆ ಏನನ್ನು ಹೊತ್ತು ತಂದಿತು, ಏನನ್ನು ಅಲ್ಲೇ ಬಿಟ್ಟು ಬಂದಿತು ಎಂದು ನೋಡುತ್ತ ತಿಳಿದುಕೊಂಡದ್ದು. ಪರವಾನಗಿ ಇರಲೇಬೇಕು. ಗೋಡೆಯ ಮೇಲಿನದನ್ನು ಓದು, ಅವಧಿ ಮುಗಿದಿಲ್ಲವಷ್ಟೇ ನೋಡು. ಆದರೆ ನಿನ್ನ ನೋಟ ಶುರುವಾಗಬೇಕಾದದ್ದು ಅಲ್ಲಿಂದ, ಮುಗಿಯಬೇಕಾದದ್ದು ಅಲ್ಲಿಗಲ್ಲ. ತೊರೆಗೆ ಒಪ್ಪುಮನೆಯ ಒಬ್ಬರ ಹೆಸರೂ ಬರುವುದಿಲ್ಲ, ಏಕೆಂದರೆ ಎತ್ತಿಕೊಳ್ಳುವ ಕೈಗಳು ವಾರವಾರ ಬದಲಾಗುತ್ತವೆ. ಆದ್ದರಿಂದ ನಿನ್ನ ಕೂಸನ್ನು ದಿನವೂ ಎತ್ತಿಕೊಳ್ಳುವವಳು ಯಾರು, ಎಷ್ಟು ಕಾಲದಿಂದ ಇದ್ದಾಳೆ, ಅವಳ ಪಾಲಿಗೆ ಇನ್ನೆಷ್ಟು ಕೂಸುಗಳಿವೆ ಎಂದು ಕೇಳು. ಎರಡು ಕೂಸು ಒಟ್ಟಿಗೆ ಅತ್ತರೆ ಏನು ಮಾಡುತ್ತೀ ತಂಗೀ ಎಂದು ಅವಳನ್ನೇ ಕೇಳು. ಉತ್ತರಕ್ಕಿಂತ ಅವಳ ಮುಖ ನೋಡು. ತೊರೆಯ ತೊಡೆಸಂದು ಸದಾ ಕೆಂಪು. ಆದ್ದರಿಂದ ಬಟ್ಟೆ ಎಷ್ಟು ಹೊತ್ತಿಗೊಮ್ಮೆ ಬದಲಿಸುತ್ತಾರೆ, ಬದಲಿಸಿದ ಕೈಯನ್ನು ಸೋಪು ಹಚ್ಚಿ ತೊಳೆದೇ ಅನ್ನ ಕಲೆಸುತ್ತಾರೆಯೇ, ನಿಂತು ನೋಡು. ಫಿನೈಲು, ಔಷಧಿ ಬೀಗದೊಳಗಿರಲಿ. ಕೂಸನ್ನು ಅಂಗಾತ ಮಲಗಿಸುತ್ತಾರೆಯೇ, ನಿನ್ನ ಹೊರತು ಬೇರೆ ಯಾರಾದರೂ ಬಂದು ಕೇಳಿದರೆ ಕೊಟ್ಟುಬಿಡುತ್ತಾರೆಯೇ, ಜ್ವರ ಬಂದರೆ ಯಾರಿಗೆ ಫೋನು, ಬೆಂಕಿ ಬಿದ್ದರೆ ಯಾವ ದಾರಿ, ಇದನ್ನೆಲ್ಲ ಕೇಳಲು ನಾಚಬೇಡ. ಚಿಲ್ಲರೆಗಾಗಿ ಇಡೀ ಬಸ್ಸಿನ ಮುಂದೆ ಜಗಳ ಕಾಯುವವಳು ನೀನು. ಇಲ್ಲಿ ನಾಚಿದರೆ ಹೇಗೆ?

ಇನ್ನೊಂದು ಮಾತು. ಗದ್ದಲವಿದ್ದರೆ ಹೆದರಬೇಡ. ಮಕ್ಕಳಿರುವ ಕಡೆ ಗದ್ದಲ ಇರಬೇಕು, ಒಂದಾದರೂ ಅಳುತ್ತಿರಬೇಕು, ಯಾರಾದರೂ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಏನಾಯ್ತೋ ರಾಜಾ ಎನ್ನುತ್ತಿರಬೇಕು. ಒಂದು ದಿನ ಹೇಳಿ ಹೋಗು, ಇನ್ನೊಂದು ದಿನ ಹೇಳದೆ ಹೋಗು. ಎರಡೂ ದಿನ ಒಂದೇ ತೆರನಾಗಿದ್ದರೆ ಒಳ್ಳೆಯದು. ಎಲ್ಲ ಮಕ್ಕಳೂ ಕೈ ಮಡಿಲಲ್ಲಿಟ್ಟು ಸುಮ್ಮನೆ ಕೂತಿದ್ದರೆ ನಿನ್ನ ಕೂಸನ್ನು ಅವಚಿಕೊಂಡು ಹೊರಗೆ ಬಾ. ಬಸ್ಸು ಹೋದರೆ ಹೋಗಲಿ. ಡಿಪೋದವರು ಬೈದರೆ ಬೈಯಲಿ.

ಇಷ್ಟೆಲ್ಲ ನೆನಪಿಡಲು ನಿನಗೆ ಪುರಸೊತ್ತಿಲ್ಲ ಎಂದು ಗೊತ್ತು. ಹೆಗಲಲ್ಲಿ ಕೂಸು, ಬಗಲಲ್ಲಿ ಟಿಕೆಟ್ ಚೀಲ, ಕಣ್ಣಲ್ಲಿ ನಿದ್ದೆ. ಹಾಗಾದರೆ ಒಂದನ್ನೇ ನೋಡು. ಬಾಗಿಲ ಹೊರಗೆ ಚಪ್ಪಲಿ ಬಿಡುವ ಜಾಗ ನೋಡು. ಸಣ್ಣ ಸಣ್ಣ ಚಪ್ಪಲಿಗಳ ನಡುವೆ ದೊಡ್ಡವರ ಚಪ್ಪಲಿಗಳೂ ಇವೆಯೇ? ಇದ್ದರೆ ತಾಯಂದಿರು, ಅಪ್ಪಂದಿರು, ಅಜ್ಜಂದಿರು ಒಳಗೆ ಹೋಗಿ ಕೂರುವ ಮನೆ ಅದು. ಇಲ್ಲದಿದ್ದರೆ ಏಕಿಲ್ಲ ಎಂದು ಕೇಳು. ನಮ್ಮ ಕಿಂಡಿಯ ಕೆಳಗೆ ಚಪ್ಪಲಿ ಬಿಡಲು ಜಾಗವೇ ಇಲ್ಲ, ಯವ್ವಾ. ಬಿಚ್ಚುವ ಕೆಲಸವೇ ಬೀಳುವುದಿಲ್ಲ.

ಆ ಬೆಳಿಗ್ಗೆ ಗೇಟಿನ ಬಳಿಯ ಹೆಂಗಸು ಕೈ ಚಾಚುತ್ತಾಳೆ. ಒಳಗ ಬರಬ್ಯಾಡ್ರಿ ಎನ್ನುತ್ತಾಳೆ. ಒಳ್ಳೆಯ ಮನಸ್ಸಿನಿಂದಲೇ ಅಂದಾಳು. ನಿನ್ನ ಹಿಂದೆ ಇನ್ನೊಬ್ಬ ತಾಯಿ ನಿಂತಿರುತ್ತಾಳೆ; ನೀನು ಏನು ಮಾಡುತ್ತೀಯೋ ಅದನ್ನೇ ಅವಳೂ ಮಾಡುತ್ತಾಳೆ, ಅವಳ ಹಿಂದಿನವಳೂ. ಆ ಸಾಲಿನ ಕೊನೆಯಲ್ಲಿ ತೊರೆಯನ್ನು ಎತ್ತಿಕೊಂಡು ನಾನಿದ್ದೇನೆ. ಕೂಸನ್ನು ಆಗಲೇ ಅವಳ ಕೈಗೆ ಕೊಡಬೇಡ. ನಿನ್ನ ಕಾಲು ಹಿಡಿದು ಕೇಳುತ್ತೇನೆ, ಮೊದಲು ಚಪ್ಪಲಿ ಬಿಚ್ಚು.

ನಿನ್ನ ಮೊಮ್ಮಗಳ ಮೊಮ್ಮಗಳು,
ಸಾವಂತ್ರವ್ವ