ಹೆಬ್ಬೆರಳು ಅದುರಿದಾಗ

ಹಿರಿಯೂರು
12-2-2025, ಬುಧವಾರ

ಐಮಂಗಲದ ಶಾಂತಕ್ಕನವರಿಗೆ, ಅಂದರೆ ನಾನು ಅಮ್ಮ ಎಂದು ಕರೆಯುವ ನಿಮಗೆ, ನರ್ಸ್ ಪ್ರೀತಿ ಮಾಡುವ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಬಾಟಲಿ ಕಿಟಕಿಯಲ್ಲಿ ಹಾಗೇ ನಿಂತಿದೆಯೋ? ಕೇಳಲು ನನಗೆ ಮುಖವಿಲ್ಲ. ಅಪ್ಪಾಜಿಯ ತಿಥಿಯ ಊಟ ಬಡಿಸಿ ಬಂದವಳು ಮತ್ತೆ ನಿಮ್ಮ ಹೊಸ್ತಿಲು ತುಳಿಯಲಿಲ್ಲ. ನೀವು ಫೋನ್ ಮಾಡಿದಾಗಲೆಲ್ಲ ಡ್ಯೂಟಿ ಇದೆ ಎಂದೆ. ನಿಮ್ಮ ಪಕ್ಕದ ಮನೆ ದ್ಯಾಮಮ್ಮನ ಕೈಯಲ್ಲಿ ಅವರೆಕಾಯಿ ಕಳಿಸಿದಿರಿ; ಸಾರು ಮಾಡಿ ಉಂಡೆ, ತಲುಪಿತು ಎಂದು ಕೂಡ ತಿಳಿಸಲಿಲ್ಲ. ಮೊನ್ನೆ ಆಕೆ ಸಂತೆಯಲ್ಲಿ ಸಿಕ್ಕಾಗ ನೀವು ಅಂದದ್ದನ್ನು ಹೇಳಿಬಿಟ್ಟಳು: "ಪೇಷೆಂಟು ಹೋದ್ಮೇಲೆ ನರ್ಸಿಗೇನು ಕೆಲ್ಸ ಐತೆ ಬಿಡು."

ಕೋಪದಲ್ಲಿ ಅಂದಿರಿ ಎಂದು ಗೊತ್ತು. ಆದರೂ ಆ ಮಾತು ಹಾಗೇ ಉಳಿಯುವುದು ಬೇಡ ಅನ್ನಿಸಿತು. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನನ್ನ ದನಿ ಹೊರಡುವುದಿಲ್ಲ. ಅಪ್ಪಾಜಿಗೆ ದಿನಾ ಪೇಪರ್ ಓದಿ ಹೇಳುತ್ತಿದ್ದವರು ನೀವು. ಇದನ್ನೂ ನಿಧಾನವಾಗಿ ಕೂತು ಓದಿ.

ಅಮ್ಮ, ತಿಥಿಯ ದಿನ ಪಾಯಸ ಬಡಿಸಲು ಬಗ್ಗಿದಾಗ ನನ್ನ ಬಲಗಾಲಿನ ಮೀನಖಂಡದಲ್ಲಿ ಏನೋ ಮಿಸುಕಿತು. ಚರ್ಮದ ಕೆಳಗೆ ಹುಳ ಹರಿದಂತೆ. ನಿಂತು ನಿಂತು ಸುಸ್ತಾಗಿದೆ ಅಂದುಕೊಂಡೆ. ವಾರ ಕಳೆದರೂ ಅದು ಹೋಗಲಿಲ್ಲ. ಆಮೇಲೆ ಎಡಗೈ ಹೆಬ್ಬೆರಳು ತಾನಾಗಿ ಕುಣಿಯತೊಡಗಿತು. ಬಸ್ಸಿನಲ್ಲಿ ಕೂತಾಗ ಅದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ, ಪಕ್ಕದವರು ನೋಡಬಾರದೆಂದು.

ನಾವಿಬ್ಬರೂ ಅಪ್ಪಾಜಿಗೆ ಸ್ನಾನ ಮಾಡಿಸುವಾಗ ಅವರ ಭುಜದ ಮೇಲೆ ಇಂಥದೇ ಅಲೆ ಏಳುತ್ತಿತ್ತಲ್ಲ. ಆಗಿನ್ನೂ ಅವರಿಗೆ ಮಾತಿತ್ತು. "ಇಂಜಿನ್ ಆಫ್ ಮಾಡಿದ್ರೂ ವೈಬ್ರೇಷನ್ ನಿಂತಿಲ್ಲ ನೋಡ್ರವ್ವ" ಎಂದು ನಕ್ಕಿದ್ದರು. ಲಾರಿ ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಓಬಳೇಶಪ್ಪ ಮೇಸ್ತ್ರಿ ಸ್ಪ್ಯಾನರ್ ಹಿಡಿಯಲಾರದೆ ಹೋದದ್ದು, ಆಮೇಲೆ ಲೋಟ, ಆಮೇಲೆ ನಿಮ್ಮ ಕೈ: ಎಲ್ಲವನ್ನೂ ಹತ್ತಿರದಿಂದ ನೋಡಿದವಳು ನಾನು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ಮೋಟಾರ್ ನ್ಯೂರಾನ್ ಕಾಯಿಲೆ ಎಂಬ ಮಾತನ್ನು ನಿಮಗೆ ಬಿಡಿಸಿ ಹೇಳಿದವಳೂ ನಾನೇ.

ಅದು ಅಂಟುವ ಕಾಯಿಲೆ ಅಲ್ಲ. ನಿಮ್ಮ ಓರಗಿತ್ತಿ ಬೋರಕ್ಕ ನಿಮ್ಮ ಮನೆಯ ಲೋಟದಲ್ಲಿ ನೀರು ಕುಡಿಯಲು ಹಿಂಜರಿದಾಗ ಅದೇ ಲೋಟದಲ್ಲಿ ಕುಡಿದು ತೋರಿಸಿದ್ದೆ. ಅಂಥವಳು ಡ್ಯೂಟಿಯ ನಡುವೆ ನರ್ಸಿಂಗ್ ಹೋಮಿನ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು, ನಾಲಿಗೆ ಅದುರುತ್ತಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದೆ. ಕಾಲಿನ ಬಲ ಕುಂದಿದೆಯೇ ಎಂದು ಬರೀ ಹಿಮ್ಮಡಿಯ ಮೇಲೆ ನಡೆದು ನೋಡುವುದು, ಬರೀ ತುದಿಗಾಲಿನಲ್ಲಿ ನಡೆದು ನೋಡುವುದು. ಮಾಂಸ ಸೊರಗಿದೆಯೇ ಎಂದು ಟೈಲರ್ ಟೇಪು ತಂದು ಎರಡೂ ಕಾಲಿನ ಮೀನಖಂಡ ಅಳೆದೆ. ಎಡಗಾಲು ಕೂದಲೆಳೆಯಷ್ಟು ಸಣ್ಣದಾಗಿ ಕಂಡಿತು. ಆ ದಿನ ಊಟ ಸೇರಲಿಲ್ಲ. ಮೊಬೈಲ್ ತೆರೆದರೆ ಒಂದು ಕಡೆ ಏನೂ ಅಲ್ಲ ಎಂದು ಬರೆದಿರುತ್ತಿತ್ತು, ಇನ್ನೊಂದು ಕಡೆ ಎಲ್ಲ ಮುಗಿಯಿತು ಎಂದು. ನಾನು ಎರಡನೆಯದನ್ನೇ ಮತ್ತೆ ಮತ್ತೆ ಓದುತ್ತಿದ್ದೆ.

ಹೀಗಿರುವಾಗ ನಿಮ್ಮ ಮನೆಗೆ ಹೇಗೆ ಬರಲಿ? ನೀವು ನನ್ನ ನಡಿಗೆ ನೋಡಿದರೆ ಸಾಕು, ತಿಳಿದುಬಿಡುತ್ತೀರಿ ಅನ್ನಿಸುತ್ತಿತ್ತು. ಅಪ್ಪಾಜಿ ಮೊದಲು ಎಡವಿದ್ದನ್ನು ಡಾಕ್ಟರಿಗಿಂತ ಮುಂಚೆ ಕಂಡವರು ನೀವು. ಒಂದು ಸಲ ಅಷ್ಟು ನೋವು ಉಂಡವರ ಮುಂದೆ ಅದೇ ಸಂಕಟವನ್ನು ಇನ್ನೊಂದು ಸಲ ತಂದಿಡಲು ನನಗೆ ಮನಸ್ಸು ಬರಲಿಲ್ಲ.

ಕಳೆದ ತಿಂಗಳು ನಿಮ್ಮ ಮಗ ಚೇತನ್ ಅವರು ಗ್ಯಾರೇಜಿನಲ್ಲಿ ರೇಡಿಯೇಟರ್ ನೀರು ಹಾರಿ ಮುಂಗೈ ಸುಟ್ಟುಕೊಂಡು ನಮ್ಮ ನರ್ಸಿಂಗ್ ಹೋಮಿಗೆ ಬಂದಿದ್ದರು. ನಿಮಗೆ ಸಣ್ಣ ಗಾಯ ಎಂದಿರಬೇಕು. ಸಣ್ಣದೇನಲ್ಲ, ಈಗ ಮಾಗಿದೆ. ನಾನು ಬ್ಯಾಂಡೇಜು ಸುತ್ತುತ್ತಿದ್ದೆ. ಹೆಬ್ಬೆರಳು ಕುಣಿಯಿತು, ಕತ್ತರಿ ಜಾರಿ ನೆಲಕ್ಕೆ ಬಿತ್ತು. ನಾನು ಕತ್ತರಿ ಎತ್ತಲಿಲ್ಲ, ನನ್ನ ಕೈಯನ್ನೇ ನೋಡುತ್ತಾ ನಿಂತೆ. ಅವರೂ ಅದನ್ನೇ ನೋಡಿದರು. "ಯಾವಾಗಿಂದ?" ಎಂದು ಮಾತ್ರ ಕೇಳಿದರು.

ಬೇರೆ ಯಾರಾದರೂ ಆಗಿದ್ದರೆ ನಕ್ಕು ತೇಲಿಸುತ್ತಿದ್ದೆ. ನಿಮ್ಮ ಮಗನ ಮುಂದೆ ಸುಳ್ಳು ನಾಲಿಗೆಗೆ ಬರಲಿಲ್ಲ. ಎಲ್ಲ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಗಾಬರಿ ಪಡಬೇಡಿ ಎಂದು ಹೇಳುವ ಧೈರ್ಯವೂ ಅವರಿಗೆ ಇರಲಿಲ್ಲ ಅಮ್ಮ. "ನಂಗೇನೂ ತಿಳಿಯಲ್ಲ. ನಿಮ್ಗೂ ತಿಳಿಯಲ್ಲ. ತಿಳಿದೋರ ಹತ್ರ ಹೋಗಾಣ ನಡೀರಿ" ಎಂದರು. ನಿಮಗೆ ಹೇಳಬಾರದೆಂದು ಆಣೆ ಹಾಕಿಸಿದವಳು ನಾನು. ಅವರನ್ನು ಬೈಯಬೇಡಿ.

ದಾವಣಗೆರೆಯ ನರರೋಗದ ಡಾಕ್ಟರಲ್ಲಿಗೆ ಹೋದೆವು. ಕೈಕಾಲು ತಳ್ಳಿಸಿದರು, ಎಳೆಸಿದರು, ಸಣ್ಣ ಸುತ್ತಿಗೆಯಿಂದ ಮಂಡಿ ತಟ್ಟಿದರು. ಮಾಂಸಖಂಡದೊಳಗೆ ತೆಳ್ಳಗಿನ ಸೂಜಿ ಚುಚ್ಚಿ ಅದರ ಸದ್ದು ಕೇಳುವ ಪರೀಕ್ಷೆಯೂ ಆಯಿತು. ಮಳೆ ಹನಿ ತಗಡಿನ ಮೇಲೆ ಬಿದ್ದಂಥ ಸದ್ದು. ಇಷ್ಟು ವರ್ಷ ಎಷ್ಟೋ ಜನಕ್ಕೆ ಸೂಜಿ ಚುಚ್ಚಿದ ನಾನು ಮಂಚದ ಕಂಬಿ ಹಿಡಿದುಕೊಂಡು ಮಲಗಿದ್ದೆ.

ಡಾಕ್ಟರು ಹೇಳಿದ್ದು ಇದು: ಬಲ ಎಲ್ಲೂ ಕಡಿಮೆಯಾಗಿಲ್ಲ, ಮಾಂಸ ಸೊರಗಿಲ್ಲ, ಪರೀಕ್ಷೆ ಚೆನ್ನಾಗಿದೆ. ಬರೀ ಅದುರುವುದು ಆ ಕಾಯಿಲೆ ಅಲ್ಲ. ನಿದ್ದೆಗೆಟ್ಟರೆ, ಕಾಫಿ ಹೆಚ್ಚಾದರೆ, ಮನಸ್ಸಿಗೆ ಭಾರವಾದರೆ ಎಷ್ಟೋ ಜನಕ್ಕೆ ಹೀಗಾಗುತ್ತದೆ. ಕೆಲವು ಕಾಲ ಇದ್ದರೂ ಇರಬಹುದು, ಹೆದರಬೇಡಿ. ಆಮೇಲೆ, ಮನೆಯಲ್ಲಿ ಇತ್ತೀಚೆಗೆ ಯಾರಾದರೂ ತೀರಿಕೊಂಡರೇ ಎಂದು ಕೇಳಿದರು.

ನಾನು ಇಲ್ಲ ಎಂದೆ. ನಮ್ಮ ಮನೆಯಲ್ಲಿ ಯಾರೂ ತೀರಿಕೊಂಡಿಲ್ಲವಲ್ಲ.

ಹಿಂದೆ ನಿಂತಿದ್ದ ಚೇತನ್ ಅವರು, "ನಮ್ಮಪ್ಪ ತೀರ್ಕಂಡ್ರು ಸಾರ್. ಇವ್ರೇ ನೋಡ್ಕಂತಿದ್ದಿದ್ದು" ಎಂದರು.

ಆಗ ಅತ್ತುಬಿಟ್ಟೆ ಅಮ್ಮ. ಡಾಕ್ಟರ ಮುಂದೆ, ಮೈಮೇಲೆ ಎಚ್ಚರ ಇಲ್ಲದವಳಂತೆ. ಅಪ್ಪಾಜಿ ಹೋದ ದಿನ ನಾನು ಮೂಗಿನ ನಳಿಕೆ ತೆಗೆದೆ, ಮೈ ಒರೆಸಿದೆ, ಬಂದವರಿಗೆ ಟೀ ಕೊಟ್ಟೆ. ನೀವೆಲ್ಲ ಅಳುವಾಗ ನಾನು ಗೋಡೆ ಪಕ್ಕ ನಿಂತಿದ್ದೆ. ಅಳಲು ನಾನು ಯಾರು ಎಂದು ನನಗೇ ಗೊತ್ತಿರಲಿಲ್ಲ. ಸಂಬಳಕ್ಕೆ ಬಂದವಳು ಜೋರಾಗಿ ಅತ್ತರೆ ನೆಂಟರು ಏನಂದುಕೊಳ್ಳುತ್ತಾರೋ ಎಂದು ನುಂಗಿಕೊಂಡಿದ್ದೆ.

ಹೊರಗೆ ಬಂದ ಮೇಲೆ ನಿಮ್ಮ ಮಗ ತಳ್ಳುಗಾಡಿಯೊಂದರ ಹತ್ತಿರ ನಿಂತು ಮಂಡಕ್ಕಿ ಮಿರ್ಚಿ ತಿಂದರು, ಇನ್ನೊಂದು ಪ್ಲೇಟು, ಮತ್ತೊಂದು. ಬೆಳಿಗ್ಗೆಯಿಂದ ಏನೂ ಮುಟ್ಟಿರಲಿಲ್ಲವಂತೆ. ನನಗೆ ನಗು ಬಂತು. ಎಷ್ಟೋ ದಿನದ ಮೇಲೆ ನಕ್ಕೆ.

ಎಲ್ಲ ವಾಸಿಯಾಯಿತು ಎಂದು ಬರೆದರೆ ಸುಳ್ಳಾದೀತು. ಈಗಲೂ ಅದುರುತ್ತದೆ. ನಿನ್ನೆ ಕೂಡ ಕನ್ನಡಿಯ ಮುಂದೆ ನಾಲಿಗೆ ಚಾಚಿದೆ. ಆದರೆ ಬೇಗ ಒಳಗೆಳೆದುಕೊಂಡು ಕೆಲಸಕ್ಕೆ ಹೋದೆ. ಟೇಪನ್ನು ಪಕ್ಕದ ಮನೆಯ ಕಾವ್ಯಳಿಗೆ ಕೊಟ್ಟುಬಿಟ್ಟೆ, ಹೊಲಿಗೆ ಕಲಿಯುತ್ತಿದ್ದಾಳೆ.

ಅಮ್ಮ, ನಾನು ಬರದೆ ಇದ್ದದ್ದು ಕೆಲಸ ಮುಗಿಯಿತೆಂದಲ್ಲ. ಭಾನುವಾರ ಬರುತ್ತೇನೆ. ಬೈಯುವುದಿದ್ದರೆ ಬೈದುಬಿಡಿ, ಆಮೇಲೆ ಅಪ್ಪಾಜಿಯ ಮಾತಾಡೋಣ. ನಿಮ್ಮ ಜೊತೆ ಕೂತು ಅಳುವುದು ಬಾಕಿ ಇದೆ.

ಇಂತಿ,
ನಿಮ್ಮ
ಪ್ರೀತಿ

ತಾ.ಕ.: ಒಂದು ವಿಷಯ ಮೇಲೆ ಬರೆಯಲಾಗಲಿಲ್ಲ. ದಾವಣಗೆರೆಯಿಂದ ಬರುವಾಗ ಬಸ್ಸಿನಲ್ಲಿ ನಿಮ್ಮ ಮಗ ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದರು. ಪರೀಕ್ಷೆ ಚೆನ್ನಾಗಿ ಬಂತೆಂದು ಕೇಳುತ್ತಿದ್ದೀರಾ ಎಂದೆ. "ಹೆಂಗೆ ಬಂದಿದ್ರೂ ಇವತ್ತೇ ಕೇಳ್ಬೇಕು ಅಂತ ಬಂದಿದ್ದೆ" ಎಂದರು. ನಾನಿನ್ನೂ ಉತ್ತರ ಕೊಟ್ಟಿಲ್ಲ. ನಮ್ಮ ಜಾತಿ ಬೇರೆ, ನಿಮ್ಮದು ಬೇರೆ. ನೀವು ಒಪ್ಪದೆ ಹೂಂ ಅನ್ನಲಾರೆ. ನೀವು ಬೇಡವೆಂದರೆ ಈ ವಿಷಯ ಇಲ್ಲಿಗೇ ಬಿಡುತ್ತೇನೆ, ಆದರೆ ಭಾನುವಾರ ಬರುವುದನ್ನು ಮಾತ್ರ ಬಿಡುವುದಿಲ್ಲ.