ರೊಪ್ಪದ ಬಾಗಿಲಲ್ಲಿ ನಲವತ್ತು ಫೋನು

ಚಿತ್ರದುರ್ಗ
12 ಜೂನ್ 2024, ಬುಧವಾರ

ಫೋನ್ ಎತ್ತದ ನನ್ನ ಅವ್ವ ಚಿತ್ತಮ್ಮನಿಗೆ,

ನಿನ್ನ ಮಗಳು ಕಾವ್ಯಶ್ರೀ ಕಾಲಿಗೆ ಬಿದ್ದು ಬರೆಯುವುದು. ಹದಿನೆಂಟು ದಿನದಿಂದ ಫೋನ್ ಮಾಡುತ್ತಿದ್ದೇನೆ. ಪ್ರತಿ ಸಲ ಅಪ್ಪನೇ ಎತ್ತಿ "ನಿಮ್ಮವ್ವ ಕುರಿ ಹತ್ರ ಅವ್ಳೆ" ಅನ್ನುತ್ತಾನೆ. ಬೆಳಗ್ಗೆ ಆರಕ್ಕೂ ಕುರಿ ಹತ್ತಿರ, ಉಣ್ಣುವ ಹೊತ್ತಿಗೂ ಕುರಿ ಹತ್ತಿರ. ಅಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ, ಪಾಪ, ಅವನನ್ನು ಯಾಕೆ ಕಾಡುತ್ತೀಯ? ಅದಕ್ಕೇ ಈ ಕಾಗದ. ಇದನ್ನಾದರೆ ನೀನು ಓದದೆ ಬಿಡುವವಳಲ್ಲ. ಸಾಕ್ಷರತಾ ಕ್ಲಾಸಿನಲ್ಲಿ ಅಕ್ಷರ ಕಲಿತಾಗಿನಿಂದ ಬೆಲ್ಲ ಕಟ್ಟಿಕೊಂಡು ಬಂದ ಪೇಪರನ್ನೂ ಪೂರ್ತಿ ಓದಿಯೇ ಒಲೆಗೆ ಹಾಕುತ್ತೀಯ.

ನಿನ್ನ ಸಿಟ್ಟು ನ್ಯಾಯವೇ. ಅವತ್ತು ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು, ಹಿರಿಯೂರಿನಲ್ಲಿ ಬಸ್ಸು ಬದಲಾಯಿಸಿ ನನ್ನ ಕಾಲೇಜಿಗೆ ಬಂದೆ. ನಾನು ದೊಡ್ಡ ಪಂಡಿತೆಯ ಹಾಗೆ ಕಂಪ್ಯೂಟರ್ ಮುಂದೆ ಕೂರಿಸಿ ನನ್ನ ಕೆಲಸ ತೋರಿಸಿದೆ. ಜನ ಫೋನ್ ಹಿಡಿದು ಓಡಾಡುವಾಗ ವೈಫೈ ಎಷ್ಟು ಸೊರಗುತ್ತದೆ ಅಂತ ತಿಳಿಯಬೇಕು. ನಿಜವಾದ ಜನರನ್ನು ಓಡಾಡಿಸುವ ಬದಲು ಪರದೆಯ ಮೇಲೆ ಚುಕ್ಕೆಗಳನ್ನು ಓಡಾಡಿಸಿ ಲೆಕ್ಕ ತೆಗೆಯುವುದು. ಒಂದೊಂದು ಚುಕ್ಕೆ ಒಂದೊಂದು ಫೋನು. ತನಗೆ ತೋಚಿದ ಕಡೆ ಹೋಗುತ್ತದೆ, ನಿಲ್ಲುತ್ತದೆ, ಮತ್ತೊಂದು ಕಡೆ ಹೊರಡುತ್ತದೆ. ಎರಡು ವೈಫೈ ಪೆಟ್ಟಿಗೆ ಇಟ್ಟರೆ ನಲವತ್ತು ಫೋನಿಗೂ ಸಾಕು ಅಂತ ನನ್ನ ಲೆಕ್ಕ ಹೇಳುತ್ತಿತ್ತು.

ನೀನು ಸ್ವಲ್ಪ ಹೊತ್ತು ನೋಡಿ ಕೇಳಿದೆ: "ಕಾವ್ಯ, ಇದ್ರಾಗೆ ಯಾವ್ದೂ ಯಾವ್ದರ ಹಿಂದೂ ಹೋಗ್ತಿಲ್ವಲ್ಲ. ಮುಂದೆ ಹೋಗೋ ಕುರಿ ಯಾವ್ದು? ಎಲ್ಲಾ ಒಂದೇ ಬಾಗ್ಲಿಗೆ ನುಗ್ಗಿದ್ರೆ ಏನ್ ಮಾಡ್ತೀಯ?"

ಜೊತೆಯವರು ಕಿಸಕ್ಕನೆ ನಕ್ಕರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ನಿಂಗೇನ್ ಗೊತ್ತಾಗ್ತೈತೆ, ಸುಮ್ಕಿರವ್ವ" ಅಂದುಬಿಟ್ಟೆ. ನೀನು ಬುತ್ತಿಯನ್ನು ಮೇಜಿನ ಮೇಲಿಟ್ಟು ಬಸ್ಸಿಗೆ ಹೊತ್ತಾಯಿತು ಅಂದೆ. ಮಧ್ಯಾಹ್ನ ಹನ್ನೆರಡಕ್ಕೆ ನಿನಗೆ ಯಾವ ಬಸ್ಸೂ ಇರಲಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಆದರೂ ತಡೆಯಲಿಲ್ಲ.

ಕಳೆದ ವಾರ ನಿಜವಾದ ಜನರನ್ನೇ ಇಟ್ಟು ಪರೀಕ್ಷೆ ಮಾಡಿದೆವು. ನಲವತ್ತು ವಿದ್ಯಾರ್ಥಿಗಳು ಫೋನಿನಲ್ಲಿ ಪಾಠದ ವಿಡಿಯೋ ನೋಡುತ್ತಾ ಕೂತಿದ್ದರು. ಗಂಟೆ ಹೊಡೆಯಿತು. ಓಬಳೇಶ್ ಅಂತ ಒಬ್ಬ ಎದ್ದ, ಅವನ ಹಿಂದೆ ಎಲ್ಲರೂ ಎದ್ದು ಪಕ್ಕದ ಲ್ಯಾಬಿಗೆ ನುಗ್ಗಿದರು. ಮೊದಲನೆ ಪೆಟ್ಟಿಗೆ ಬಿಟ್ಟು ನಲವತ್ತು ಫೋನೂ ಒಂದೇ ಸಲ ಲ್ಯಾಬಿನಲ್ಲಿದ್ದ ಎರಡನೆಯದರ ಹತ್ತಿರ ಜಾಗ ಕೇಳಿದವು. ಮೂವತ್ತೊಂದು ಫೋನು ಜಾಗ ಸಿಗದೆ ಅಲ್ಲೇ ನಿಂತುಹೋದವು. ನನ್ನ ಲೆಕ್ಕ ಮಣ್ಣುಪಾಲಾಯಿತು, ಅವ್ವ. ಬಾಗಿಲಲ್ಲಿ ನಿಂತು ನನಗೆ ನೆನಪಾದದ್ದು ನಿನ್ನ ಮಾತೊಂದೇ.

ಇನ್ನೊಂದೂ ನೆನಪಾಯಿತು. ನಾನು ಐದನೇ ಕ್ಲಾಸಿನಲ್ಲಿದ್ದಾಗ, ಸಂಜೆ ಕುರಿ ಕೂಡುವ ಹೊತ್ತಿಗೆ ನೀನು ಬರುವ ಮೊದಲೇ ನಾನೇ ಜಾಣೆ ಅಂತ ರೊಪ್ಪದ ಬಾಗಿಲಿನ ತಡಿಕೆಯನ್ನು ಪೂರ್ತಿ ತೆಗೆದುಬಿಟ್ಟಿದ್ದೆ. ಇಡೀ ಹಿಂಡು ಒಟ್ಟಿಗೆ ನುಗ್ಗಿ ಎರಡು ಮರಿ ತುಳಿತಕ್ಕೆ ಸತ್ತವು. ನೀನು ಒಂದು ಮಾತೂ ಬೈಯಲಿಲ್ಲ. ಮಾರನೆ ದಿನ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬಾಗಿಲಿಗೆ ಮೊಣಕಾಲು ಅಡ್ಡ ಇಟ್ಟು, ನಾಲ್ಕು ನಾಲ್ಕೇ ಕುರಿ ಒಳಗೆ ಬಿಟ್ಟು ತೋರಿಸಿದೆ. ಅಷ್ಟು ಕಲಿತವಳು ಇಲ್ಲಿ ಬಂದು ಅದೇ ತಪ್ಪನ್ನು ಕಂಪ್ಯೂಟರಿನಲ್ಲಿ ಮಾಡಿದ್ದೇನೆ.

ನನ್ನ ಗುರುಗಳು ನಾಗಭೂಷಣ ಸರ್ ಒಳ್ಳೆಯವರು. "ನೋಡಮ್ಮ, ಕಂಪ್ಯೂಟರ್ ಲೆಕ್ಕ ಚೆನ್ನಾಗೇ ಐತೆ. ಪರೀಕ್ಷೆ ವಿಷ್ಯ ಬರೀಬೇಡ, ಕೊಟ್ಬಿಡು" ಅಂದರು. ಜುಲೈ ಒಂದರೊಳಗೆ ವರದಿ ಕೊಟ್ಟರೆ ಹೊಸದುರ್ಗದ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ನನಗೇ ಅಂತ ಅವರಿಗೆ ಗೊತ್ತು. ಬಾಗೂರಿನ ದೊಡ್ಡಮ್ಮನವರೆಗೂ ನೀನು ಹೇಳಿಕೊಂಡು ಬಂದಿದ್ದೀಯ ಅಂತ ನನಗೂ ಗೊತ್ತು. ಎರಡು ದಿನ ಹಳೆಯ ಲೆಕ್ಕವನ್ನೇ ಮತ್ತೆ ಮತ್ತೆ ತೆಗೆದು ನೋಡಿದೆ.

ಕೊಡುವುದಿಲ್ಲ ಅಂದೆ, ಅವ್ವ. ಇನ್ನೂ ಮೂರು ತಿಂಗಳ ಸಮಯ ಕೇಳಿಕೊಂಡಿದ್ದೇನೆ. ಹೊಸದುರ್ಗದವರು ಕಾಯುವುದಿಲ್ಲ, ಆ ಕೆಲಸ ಬೇರೆಯವರಿಗೆ ಹೋಗುತ್ತದೆ. ನಿನ್ನ ಹತ್ತಿರ ಇದನ್ನು ಹೇಳುವುದೇ ನನಗೆ ಎಲ್ಲಕ್ಕಿಂತ ಕಷ್ಟ. ದೊಡ್ಡಮ್ಮನ ಮುಂದೆ ನಿನ್ನ ಮಾತು ಹಗುರ ಮಾಡಿದೆ, ಕ್ಷಮಿಸು.

ಈಗ ಚುಕ್ಕೆಗಳನ್ನು ಗುಂಪು ಕಟ್ಟಿಸಿದ್ದೇನೆ. ಮುಂದೊಂದು ನಡೆಯುತ್ತದೆ, ಹಿಂದೆ ಉಳಿದವು. ಗಂಟೆ ಹೊಡೆಸಿದರೆ ಕಂಪ್ಯೂಟರಿನಲ್ಲೂ ಎಲ್ಲಾ ಬಾಗಿಲಲ್ಲೇ ನಿಲ್ಲುತ್ತವೆ. ನಾಲ್ಕು ನಾಲ್ಕೇ ಬಿಟ್ಟರೆ ಸರಾಗ. ಆದರೆ ಒಂದು ಬಗೆಹರಿಯುತ್ತಿಲ್ಲ. ಮೊಣಕಾಲು ಯಾವಾಗ ಎತ್ತಬೇಕು ಅಂತ ನಿನಗೆ ಹೇಗೆ ಗೊತ್ತಾಗುತ್ತದೆ? ಒಳಗೆ ಹೋದವುಗಳನ್ನು ನೋಡುತ್ತೀಯೋ, ಹೊರಗೆ ನಿಂತವುಗಳನ್ನೋ? ಇದು ಯಾವ ಪುಸ್ತಕದಲ್ಲೂ ಇಲ್ಲ. ಶನಿವಾರ ಸಂಜೆ ಕುರಿ ಕೂಡುವ ಹೊತ್ತಿಗೆ ಬರುತ್ತೇನೆ. ಮಾತಾಡದಿದ್ದರೂ ಸರಿ, ಪಕ್ಕದಲ್ಲಿ ನಿಲ್ಲಿಸಿಕೋ.

ನಿನ್ನ ಬುತ್ತಿ ಡಬ್ಬಿ ತೊಳೆದು ಇಟ್ಟಿದ್ದೇನೆ, ತರುತ್ತೇನೆ.

ನಿನ್ನ ಬಾಯಿಬಡುಕಿ ಮಗಳು,
ಕಾವ್ಯಶ್ರೀ

ತಾ.ಕ.: ಒಂದು ಉಳಿಯಿತು. ಕಾಲೇಜು ಸೇರುವ ದಿನ ಅರ್ಜಿಗೆ ನೀನು ಸಹಿ ಹಾಕುವಾಗ, ಕಾಗದ ಹಿಡಿದುಕೊಳ್ಳುವ ನೆಪದಲ್ಲಿ ಒಂದು ಸಾಲಿನ ಮೇಲೆ ಕೈ ಇಟ್ಟಿದ್ದೆ. ನೀನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾ ಅಲ್ಲಿಗೆ ಬಂದು, ನಾನು ಕೈ ಎತ್ತಲಿ ಅಂತ ಕಾದೆ. ನಾನು ಎತ್ತಲಿಲ್ಲ. ತಾಯಿಯ ಉದ್ಯೋಗ ಅನ್ನುವ ಕಡೆ 'ಗೃಹಿಣಿ' ಅಂತ ಬರೆದಿದ್ದೆ. ನಿನ್ನೆ ಹೊಸ ವರದಿಯ ಮೊದಲ ಪುಟ ಮಾಡಿದೆ. ಕಲಿಸಿದವರ ಹೆಸರು ಬರೆಯುವ ಕಡೆ, ನಾಗಭೂಷಣ ಸರ್‌ಗಿಂತ ಮೇಲೆ 'ಚಿತ್ತಮ್ಮ, ಕುರಿ ಕಾಯುವವರು, ಯಲ್ಲದಕೆರೆ' ಅಂತ ಹಾಕಿದ್ದೇನೆ. ಆ ಪುಟ ಇದರ ಜೊತೆಗೇ ಇದೆ. ನಿಧಾನಕ್ಕೆ ಓದಿಕೋ, ಈ ಸಲ ಯಾರ ಕೈಯೂ ಅಡ್ಡ ಇಲ್ಲ.