ಲಾರಿಯ ಮೇಲಿನ ಖೋಲಿ

ಕಮಲಾಪುರ
೨೦ ಫೆಬ್ರುವರಿ ೧೯೯೪

ನಮ್ಮ ಮನೆಯವರಿಗೆ ಶೇವಂತಾಳ ನಮಸ್ಕಾರ.

ಹೆಸರು ಬರೆಯಲು ಕೈ ಏಳುವುದಿಲ್ಲ, ನಗಬೇಡಿ. ಹುಷಾರಾಗಿದ್ದೀರಾ? ಬೋರ್‌ವೆಲ್ಲಿನ ಧೂಳಿಗೆ ಹತ್ತಿದ ಕೆಮ್ಮು ಹೋಯಿತೇ? ಕಷಾಯ ಕುಡಿಯಿರಿ ಎಂದರೆ ನೀವು ಬೀಡಿ ಹಚ್ಚುವವರು, ನನಗೆ ಗೊತ್ತಿಲ್ಲವೇ! ಅತ್ತೆಯವರು ಆರಾಮವಾಗಿದ್ದಾರೆ. ನಿಮ್ಮ ತಮ್ಮ ಭೀಮಶಾನ ಹೆಂಡತಿ ತವರಿನಿಂದ ಬಂದ ಮೇಲೆ ನನಗೆ ಕೆಲಸ ಕಡಿಮೆಯಾಗಿದೆ, ಹೊತ್ತು ಮಾತ್ರ ಹೋಗುವುದಿಲ್ಲ. ಸಂಜೆ ಹುಮನಾಬಾದ ಕಡೆಯ ಬಸ್ಸು ನಿಂತ ಸದ್ದಾದರೆ ಹೊರಗೆ ಬರುತ್ತೇನೆ. ನೀವು ಇಳಿಯುವುದಿಲ್ಲವೆಂದು ಗೊತ್ತಿದ್ದೂ ಬರುತ್ತೇನೆ.

ನೀವು ಹೇಳಿದ ಹಳೆಯ ಲಾರಿಯನ್ನು ನಿನ್ನೆ ಭೀಮಶಾನ ಜೊತೆ ಕಲಬುರ್ಗಿಗೆ ಹೋಗಿ ನೋಡಿಬಂದೆ. ಕೋಟೆಯ ಹಿಂದಿನ ಬಯಲಿನಲ್ಲಿ ನಿಲ್ಲಿಸಿದ್ದಾರೆ. ಮಾರುವವರು ಮೆಹರುನ್ನಿಸಾ ಎಂಬ ಹೆಂಗಸು. ಅವರ ಗಂಡನೂ ನಿಮ್ಮ ಹಾಗೆ ಬೋರ್‌ವೆಲ್ಲಿನ ಹಿಂದೆ ಪೈಪಿನ ಲಾರಿ ಓಡಿಸುತ್ತ ಊರೂರು ತಿರುಗಿದವರು, ಹೋದ ವರ್ಷ ತೀರಿಕೊಂಡರಂತೆ. ಲಾರಿಯ ಹಿಂದೆ ಕಟ್ಟಿಸಿದ ಪುಟ್ಟ ಖೋಲಿಯಲ್ಲೇ ಆ ಗಂಡನ ಅಡುಗೆ, ಅಲ್ಲೇ ನಿದ್ದೆ. ‘ಇಂಜಿನ್ ತಮ್ಮ ನೋಡ್ಲಿ, ಖೋಲಿ ನೀ ನೋಡು’ ಎಂದಿದ್ದಿರಲ್ಲ, ಹಾಗೆಯೇ ಮಾಡಿದೆವು.

ಹತ್ತುವಾಗಲೇ ನನ್ನದೊಂದು ಎಡವಟ್ಟಾಯಿತು. ಚಪ್ಪಲಿ ಕಳಚಿ ಹತ್ತಿದೆ. ಲಾರಿಗೆ ಯಾರಾದರೂ ಚಪ್ಪಲಿ ಬಿಡುತ್ತಾರೆಯೇ? ಬಾಗಿಲು ಕಂಡಿತು, ಹೊಸ್ತಿಲು ಕಂಡಿತು, ಕಾಲು ತಾನಾಗಿಯೇ ಬಿಟ್ಟಿತು. ಭೀಮಶಾ ಹಣೆ ಬಡಿದುಕೊಂಡ. ‘ವೈನಿ, ವ್ಯಾಪಾರ ಕೆಡಿಸಿದ್ರಿ ನೋಡ್ರಿ, ಇನ್ನ ಆಕಿ ಒಂದ್ ಪೈಸಾ ಬಿಡಂಗಿಲ್ಲ’ ಎಂದ. ಆಕೆ ನನ್ನ ಚಪ್ಪಲಿಯನ್ನು ಬಿಸಿಲಿನಿಂದ ನೆರಳಿಗೆ ಸರಿಸಿ, ‘ಬಂದವರೆಲ್ಲಾ ಟೈರಿಗೆ ಒದ್ದು ನೋಡಿ ಹೋದ್ರು ಬೇಟಿ, ಇದನ್ನ ಮನಿ ಅಂತ ತಿಳದಾಕಿ ನೀ ಒಬ್ಬಾಕಿನೇ’ ಎಂದರು. ಬೆಲೆಯನ್ನು ಮಾತ್ರ ನಿಜವಾಗಿಯೂ ಇಳಿಸಲಿಲ್ಲ.

ಸುಮ್ಮನೆ ನೋಡಿ ಬಂದೆ ಎಂದುಕೊಳ್ಳಬೇಡಿ. ಹಲಗೆಗಳನ್ನು ಬೆರಳಿನಿಂದ ತಟ್ಟಿ ನೋಡಿದೆ. ಎಡಮೂಲೆಯಲ್ಲಿ ಹೊಸ ಬಣ್ಣ ಬಳಿದಿದ್ದರು, ಕೀಲಿಕೈಯಿಂದ ಕೆರೆದರೆ ಒಳಗೆ ಮೆತ್ತಗೆ ಕೊಳೆತಿದೆ. ಭೀಮಶಾನನ್ನು ಮೇಲೆ ಹತ್ತಿಸಿ ತಗಡಿನ ಮೇಲೆ ಕೊಡದಿಂದ ನೀರು ಸುರಿಸಿದೆ. ಸರಿಯಾಗಿ ದಿಂಬು ಇಡುವ ಜಾಗದಲ್ಲೇ ಸೋರಿತು. ಚಾಸಿ ಗಟ್ಟಿಯಿದೆ, ಇಂಜಿನ್ ಹೊಗೆ ಬಿಡುತ್ತದೆ, ರಿಪೇರಿಯಾಗುತ್ತದೆ ಎಂದ ನಿಮ್ಮ ತಮ್ಮ.

ಮಲಗುವ ಹಲಗೆ ನಿಮ್ಮ ಉದ್ದಕ್ಕೆ ಸಾಕಾಗುತ್ತದೆಯೇ ನೋಡೆಂದಿದ್ದಿರಿ. ನಾನೇ ಮಲಗಿ ನೋಡಿದೆ, ಕಾಲ ಕಡೆ ಒಂದೂವರೆ ಗೇಣು ಉಳಿಯಿತು. ನನ್ನ ತಲೆ ನಿಮ್ಮ ಹೆಗಲಿಗೆ ಬರುತ್ತದಲ್ಲ, ಆ ಲೆಕ್ಕದಲ್ಲಿ ನಿಮಗೂ ಸಾಲುತ್ತದೆ. ಮಲಗಿದರೆ ಮುಖದ ಮೇಲೆಯೇ ತಗಡು. ಎಲ್ಲಿಯೋ ಹೊಲದ ಬದುವಿನಲ್ಲಿ ಇಂಥದ್ದೇ ತಗಡು ನೋಡುತ್ತ ನೀವು ಮಲಗುತ್ತೀರಿ, ಇಲ್ಲಿ ನಾನು ಜಂತಿ ನೋಡುತ್ತ ಮಲಗುತ್ತೇನೆ. ಮದುವೆಯಾಗಿದ್ದು ಇದಕ್ಕೇನು ಎಂದು ಸಿಟ್ಟು ಬಂತು, ಅಳುವೂ ಬಂತು. ಸ್ವಂತ ಗಾಡಿಯಾದರೆ ಮಾಲಕನ ಬೈಗುಳ ತಪ್ಪುತ್ತದೆ, ನಿಜ. ಆದರೆ ಈಗ ರಜೆಗೆಂದು ಮನೆಗೆ ಬರುವ ನಾಲ್ಕು ದಿನವೂ ಆಮೇಲೆ ನೀವು ಬರಲಾರಿರಿ. ಈ ಲಾರಿ ಬೇಡವೆಂದೇ ಹೇಳಬೇಕೆಂದು ಕೆಳಗಿಳಿದೆ. ಮೆಹರುನ್ನಿಸಾ ಬಾಗಿಲು ಸವರುತ್ತ, ‘ನಮ್ಮವರು ಜಿಂದಗಿ ಎಲ್ಲಾ ಇದರಾಗ ಮಲಗ್ಯಾರ. ನಾ ಒಂದ್ ರಾತ್ರಿನೂ ಮಲಗಿಲ್ಲ’ ಎಂದರು. ಬೇಡವೆನ್ನಲು ಇಳಿದವಳು, ‘ನಾಳೆ ಹೇಳಿ ಕಳಸ್ತೀನ್ರಿ’ ಎಂದು ಚಪ್ಪಲಿ ಮೆಟ್ಟಿಕೊಂಡು ಬಂದೆ.

ಹೊತ್ತಿಗೆ ಸರಿಯಾಗಿ ಉಣ್ಣಿರಿ. ಬಾಳೆಹಣ್ಣು ಕಳಿಸೋಣವೆಂದರೆ ನಿಮಗೆ ಮುಟ್ಟುವಷ್ಟರಲ್ಲಿ ಕಪ್ಪಾಗುತ್ತವೆ. ಅತ್ತೆಯವರ ಆಶೀರ್ವಾದ, ಭೀಮಶಾನ ನಮಸ್ಕಾರ.

ನಿಮ್ಮ ದಾರಿ ನೋಡುವ,
ಶೇವಂತಾ

ತಾ.ಕ.: ಮಡಚಿದ ಕಾಗದ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಭೀಮಶಾ ಟಪಾಲಿಗೆ ಹಾಕಲು ಅವಸರ ಮಾಡುತ್ತಿದ್ದಾನೆ. ಲಾರಿಗೆ ಮುಂಗಡದ ಸಂಚಕಾರ ಕೊಟ್ಟು ಬಾ ಎಂದು ಅವನಿಗೆ ಹೇಳಿದ್ದೇನೆ. ಆ ಬಾಗಿಲಿಗೆ ಹೊರಗೆ ಮಾತ್ರ ಕೊಂಡಿ ಇದೆ. ಒಳಗೊಂದು ಚಿಲಕ ಕೂಡಿಸಿ, ಹಲಗೆಯನ್ನು ಇಬ್ಬರಿಗಾಗುವಷ್ಟು ಅಗಲ ಮಾಡಲು ಬಡಿಗನಿಗೂ ಹೇಳಿ ಬಾ ಎಂದಿದ್ದೇನೆ. ಅತ್ತೆಯವರನ್ನು ಭೀಮಶಾನ ಹೆಂಡತಿ ನೋಡಿಕೊಳ್ಳುತ್ತಾಳೆ. ನಾನು ನಿಮ್ಮ ಜೊತೆ ಬರುವವಳು. ಅತ್ತೆಯವರಿಗೆ ಹೇಳುವುದು ಮಾತ್ರ ನಿಮ್ಮ ಕೆಲಸ.